ಪ್ರೆಸ್ಟನ್ ರಸ್ತೆಯ ಎತ್ತುಗಳು

ಫ್ರಿಸ್ಕೋದಲ್ಲಿರುವ ನಮಗೆಲ್ಲ ಪ್ರೆಸ್ಟನ್ ರಸ್ತೆ ಎಂದರೆ ಸಾಲು ಸಾಲು ಸಿಗ್ನಲ್ಲು, ಸಂಜೆಯ ಟ್ರಾಫಿಕ್ಕು, ಮಕ್ಕಳ ಕ್ಲಾಸಿಗೆ ತಡವಾಯಿತೆಂಬ ಗಡಿಬಿಡಿ. ಆ ರಸ್ತೆಯ ಮಗ್ಗುಲಿಗೇ ಸೆಂಟ್ರಲ್ ಪಾರ್ಕ್ ಇದೆ. ಅಲ್ಲಿ ಉದ್ದ ಕೊಂಬಿನ ಕಂಚಿನ ದನಗಳು ನಿಂತಿವೆ. ಐದು ವರ್ಷ ಅದರ ಮುಂದೆಯೇ ಓಡಾಡಿದರೂ ನಾನು ಒಮ್ಮೆಯೂ ಕಾರು ನಿಲ್ಲಿಸಿರಲಿಲ್ಲ. ಎಂಟು ವರ್ಷದ ಮಗಳು ಹಟ ಮಾಡಿದ್ದಕ್ಕೆ ಒಂದು ಭಾನುವಾರ ಇಳಿದೆವು. ಅವಳು ಒಂದು ದನದ ಕುತ್ತಿಗೆ ಸವರಿ ಕೇಳಿದಳು: "ಅಮ್ಮಾ, ಇವು ಅಜ್ಜನ ಬಸ್ಯಾ, ಭೀಮ್ಯಾ ಥರ ಗಾಡಿ ಎಳೀತಿದ್ವಾ?"

ಬಸ್ಯಾ, ಭೀಮ್ಯಾ ನಮ್ಮ ಮನೆಯ ಎತ್ತುಗಳು. ನಮ್ಮೂರು ಜಮಖಂಡಿ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಗೆ. ಮಗಳು ಆ ಜೋಡಿಯನ್ನು ಕಂಡವಳಲ್ಲ. ಅವಳು ಹುಟ್ಟುವ ಎಷ್ಟೋ ವರ್ಷ ಮೊದಲೇ ಅವು ನಮ್ಮ ಅಂಗಳ ಬಿಟ್ಟು ಹೋಗಿದ್ದವು. ಆದರೆ ಫೋನಿನಲ್ಲಿ ಅಜ್ಜ ಹೇಳುವ ಕತೆಗಳಲ್ಲೆಲ್ಲ ಅವೇ ನಾಯಕರು.

"ಇಲ್ಲ ಪುಟ್ಟಿ, ಇವು ಗಾಡಿ ಎಳೆಯುವ ದನ ಅಲ್ಲ, ನಡೆಸಿಕೊಂಡು ಹೋಗಿ ಮಾರುವ ದನ" ಎಂದೆ. "ಹಾಗಾದರೆ ಇಲ್ಲಿ ಗಾಡಿ ಎಳೀತಿದ್ದ ಎತ್ತು ಎಲ್ಲಿ ಹೋದ್ವು?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರಯೋಗಾಲಯದಲ್ಲಿ ದಿನ ಕಳೆಯುವವಳಿಗೆ ಉತ್ತರ ಇಲ್ಲದ ಪ್ರಶ್ನೆ ಹೊಸದಲ್ಲ. ಆದರೆ ಈ ಪ್ರಶ್ನೆ ನಮ್ಮನ್ನು ಹ್ಯೂಸ್ಟನ್‌ವರೆಗೆ, ಅಲ್ಲಿಂದ ವಾಪಸು ಕೃಷ್ಣಾ ತೀರದವರೆಗೆ ಎಳೆದುಕೊಂಡು ಹೋಯಿತು.

ಈ ರಸ್ತೆಯ ಮೇಲೆ ಎರಡು ಬಗೆಯ ದನಗಳು ನಡೆದಿವೆ. 1840ರ ದಶಕದಿಂದ ಉತ್ತರದ ಕಡೆಯಿಂದ ಹೊಸ ಒಕ್ಕಲುಗಳು ಕುಟುಂಬ ಸಮೇತ ಇಳಿದು ಬಂದವು. ಅವರ ಪಾತ್ರೆ ಪಗಡ, ನೇಗಿಲು, ಬೀಜ, ಮಕ್ಕಳು ಎಲ್ಲ ಬಂಡಿಯ ಮೇಲೆ. ಬಹಳಷ್ಟು ಬಂಡಿಗಳಿಗೆ ಕಟ್ಟಿದ್ದು ಎತ್ತು. ಕುದುರೆ ಚುರುಕು, ನಿಜ. ಆದರೆ ಅದಕ್ಕೆ ಕಾಳು ಬೇಕು, ಬೆಲೆಯೂ ಹೆಚ್ಚು. ಎತ್ತು ದಾರಿಯ ಹುಲ್ಲು ಮೇಯ್ದುಕೊಂಡೇ ಕೆಸರಿನಲ್ಲೂ ಎಳೆಯುತ್ತದೆ. ಅದೇ ದಾರಿಯಲ್ಲಿ ಎದುರು ದಿಕ್ಕಿಗೆ, ಅಂದರೆ ದಕ್ಷಿಣದಿಂದ ಉತ್ತರಕ್ಕೆ, ಉದ್ದ ಕೊಂಬಿನ ಟೆಕ್ಸಸ್ ದನಗಳನ್ನು ಹಿಂಡು ಹಿಂಡಾಗಿ ಮಿಸೌರಿಯ ಮಾರುಕಟ್ಟೆಗೆ ಹೊಡೆದುಕೊಂಡು ಹೋಗುತ್ತಿದ್ದರು. ಶಾನೀ ಟ್ರೇಲ್ ಎಂದು ಅದರ ಹೆಸರು. ಡಾಲಸ್ ನಗರದ ನಡುವೆ ಪಯೊನೀರ್ ಪ್ಲಾಜಾದಲ್ಲಿ 49 ಕಂಚಿನ ದನಗಳು, ಮೂವರು ಕುದುರೆ ಸವಾರರು ಇರುವುದು ಈ ದಾರಿಯ ನೆನಪಿಗೇ. ಮಾರಲು ಹೋದ ದನಕ್ಕೆ ಕಂಚಿನ ಪ್ರತಿಮೆ ಸಿಕ್ಕಿದೆ. ಭಾರ ಎಳೆದು ತಂದ ಎತ್ತು ಆ ಹಿಂಡಿನಲ್ಲಿ ಕಾಣುವುದಿಲ್ಲ.

ಎಳೆಯುವುದಾದರೂ ಎಂಥ ನೆಲದಲ್ಲಿ! ಫ್ರಿಸ್ಕೋದಲ್ಲಿ ಮನೆ ಕೊಂಡವರಿಗೆ ಇಲ್ಲಿಯ ಮಣ್ಣಿನ ಗುಣ ಗೊತ್ತು. ಬೇಸಿಗೆಯಲ್ಲಿ ಅಂಗಳ ಬಿರಿದು ಬೆರಳು ತೂರುವಷ್ಟು ಸೀಳು ಬಿಡುತ್ತದೆ. ಮಳೆ ಬಂದರೆ ಉಬ್ಬುತ್ತದೆ. ಅಡಿಪಾಯ ಕುಸಿಯದಿರಲಿ ಎಂದು ಮನೆಯ ಸುತ್ತ ಪೈಪ್ ಎಳೆದು ಗಿಡಕ್ಕೆ ಉಣಿಸಿದಂತೆ ಗೋಡೆಗೆ ನೀರುಣಿಸುತ್ತೇವೆ. ಕೆಂಪು ನದಿಯಿಂದ ಸ್ಯಾನ್ ಆಂಟೋನಿಯೋ ತನಕ ಪಟ್ಟಿಯಂತೆ ಹಬ್ಬಿರುವ ಈ ಭಾಗಕ್ಕೆ ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಎನ್ನುತ್ತಾರೆ. ಹಿಂದೆ ಇಲ್ಲಿ ಬೆಳೆದದ್ದು ಹತ್ತಿ. ಮಣ್ಣು ವಿಜ್ಞಾನಿಗಳ ಲೆಕ್ಕದಲ್ಲಿ ಇದು ವರ್ಟಿಸಾಲ್. ನಮ್ಮ ಬಾಗಲಕೋಟೆ, ವಿಜಯಪುರದ ಎರೆಮಣ್ಣೂ ಅದೇ ಗುಂಪಿಗೆ ಸೇರಿದ್ದು.

ಈ ಮಾತನ್ನು ಅಪ್ಪನಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಎರಿ ಅಂದಮ್ಯಾಲ ಎಲ್ಲಾ ಕಡೆ ಒಂದ ಐತಿ ಯವ್ವಾ. ಮಳಿ ಆತಂದ್ರ ಗಾಲಿಗೆ ರೊಟ್ಟಿ ಹಿಟ್ಟಿನಂಗ ಮೆತ್ಕೊಂತೈತಿ. ಅಂಥಾದ್ರಾಗ ಚಕ್ಕಡಿ ಎಳೀಬೇಕಂದ್ರ ಸಣ್ಣ ಎತ್ತು ಆಗೂದಿಲ್ಲ. ಮೈ ಬೇಕು, ಹೆಗಲು ಬೇಕು" ಎಂದರು.

ಎತ್ತಿನ ಬಂಡಿ ದಿನಕ್ಕೆ ಹತ್ತು ಹದಿನೈದು ಮೈಲಿ ಹೋದರೆ ಒಳ್ಳೆಯ ದಿನ. ಡಾಲಸ್‌ಗೆ ರೈಲು ಬಂದದ್ದು 1872ರಲ್ಲಿ. ಅದಕ್ಕೆ ಮೊದಲು ಹ್ಯೂಸ್ಟನ್ ಕಡೆಯಿಂದ ಉಪ್ಪು, ಕಬ್ಬಿಣ, ಬಟ್ಟೆ ಬರಬೇಕಿದ್ದರೆ ಆ ನಡಿಗೆಯಲ್ಲಿ ಸುಮಾರು ಮೂರು ವಾರ. ಒಣಗಿದ ದಾರಿಯ ಲೆಕ್ಕ ಇದು. ಕೆಸರಾದರೆ ದೇವರೇ ಗತಿ.

ರೈಲು ಫ್ರಿಸ್ಕೋದ ಕಡೆ ಬಂದದ್ದು ಇನ್ನೂ ತಡವಾಗಿ, 1902ರಲ್ಲಿ. ಆಗ ಫ್ರಿಸ್ಕೋ ಎಂಬ ಊರೇ ಇರಲಿಲ್ಲ. ಪ್ರೆಸ್ಟನ್ ದಾರಿಯ ಮೇಲೆ ಲೆಬನಾನ್ ಎಂಬ ಊರಿತ್ತು. 1860ರಲ್ಲೇ ಅದಕ್ಕೊಂದು ಅಂಚೆ ಕಚೇರಿ ಬಂದಿತ್ತು. ಬಂಡಿಯ ದಾರಿ ದಿಬ್ಬದ ಮೇಲೆ ಸಾಗುತ್ತಿತ್ತು. ಆದರೆ ಉಗಿಬಂಡಿಗೆ ಇಪ್ಪತ್ತು ಮೂವತ್ತು ಮೈಲಿಗೊಮ್ಮೆ ನೀರು ತುಂಬಬೇಕು. ಅದಕ್ಕೆ ದಿಬ್ಬ ಸರಿಹೋಗದೆ ನಾಲ್ಕು ಮೈಲಿ ಪಶ್ಚಿಮಕ್ಕೆ ತಗ್ಗಿನಲ್ಲಿ ನಿಲ್ದಾಣ ಮಾಡಿದರು. ಲೆಬನಾನಿನ ಕೆಲವರು ಮನೆಗಳನ್ನೇ ಮರದ ದಿಮ್ಮಿಗಳ ಮೇಲೆ ಉರುಳಿಸಿಕೊಂಡು ಅಲ್ಲಿಗೆ ಹೋದರಂತೆ. ಸೇಂಟ್ ಲೂಯಿಸ್–ಸ್ಯಾನ್ ಫ್ರಾನ್ಸಿಸ್ಕೋ ರೈಲು ಕಂಪನಿಯ ಅಡ್ಡಹೆಸರೇ ಊರಿಗೆ ಉಳಿಯಿತು. ಭಾರ ಹೊರುವವರು ಬದಲಾದಾಗ ಊರೇ ಎದ್ದು ಅವರ ಹಿಂದೆ ನಡೆದ ಕತೆ ಇದು.

ಮಾರ್ಚಿನಲ್ಲಿ ಹ್ಯೂಸ್ಟನ್ ಜಾನುವಾರು ಪ್ರದರ್ಶನಕ್ಕೆ ಹೊರಟೆವು. ನಾಲ್ಕು ಗಂಟೆಗೂ ಮೀರಿದ ದಾರಿ. ಹಿಂದಿನ ಸೀಟಿನವಳಿಗೆ ಬೇಜಾರಾಗದಿರಲಿ ಎಂದು ಟೆಕ್ಸಸ್‌ನ ಒಂಟೆಗಳ ಕತೆ ಹೇಳಿದೆ. ಕಟ್ಟುಕತೆಯಲ್ಲ, ನಿಜವಾಗಿ ನಡೆದದ್ದು. ಪಶ್ಚಿಮದ ಒಣ ಸೀಮೆಯಲ್ಲಿ ಸೈನ್ಯದ ಸಾಮಾನು ಸಾಗಿಸಲು ಹೇಸರಗತ್ತೆಗಳಿಗಿಂತ ಒಂಟೆ ಮೇಲೆಂದು ಆಗಿನ ಯುದ್ಧ ಕಾರ್ಯದರ್ಶಿ ಜೆಫರ್ಸನ್ ಡೇವಿಸ್ ಹಟ ಹಿಡಿದ. ಅಮೆರಿಕದ ಸಂಸತ್ತು 30,000 ಡಾಲರ್ ಕೊಟ್ಟಿತು. 1856ರ ಮೇ ತಿಂಗಳಲ್ಲಿ ಇಂಡಿಯಾನೋಲಾ ಬಂದರಿನಲ್ಲಿ 34 ಒಂಟೆಗಳು ಇಳಿದವು. ಮರುವರ್ಷ ಇನ್ನೂ 41. ಕೆರ್‌ವಿಲ್ ಹತ್ತಿರದ ಕ್ಯಾಂಪ್ ವರ್ಡೆಯಲ್ಲಿ ಅವಕ್ಕೆ ಲಾಯ. ಕೆಲಸದಲ್ಲಿ ಒಂಟೆ ಸೋಲಲಿಲ್ಲ. ನೀರಿಲ್ಲದೆ ನಡೆಯಿತು, ಮುಳ್ಳು ತಿಂದು ಬದುಕಿತು, ಹೇಸರಗತ್ತೆ ಹೊರಲಾಗದ ಭಾರ ಹೊತ್ತಿತು. ಆದರೆ ಅದರ ವಾಸನೆಗೆ ಕುದುರೆಗಳು ಬೆದರಿದವು, ಸಿಪಾಯಿಗಳಿಗೆ ಅದರ ಜೊತೆ ಒಗ್ಗಲಿಲ್ಲ. 1861ರಲ್ಲಿ ಅಂತರ್ಯುದ್ಧ ಶುರುವಾದ ಮೇಲೆ ಯಾರಿಗೂ ಬೇಡವಾದವು. ಯುದ್ಧ ಮುಗಿದ ಮೇಲೆ ಉಳಿದವನ್ನು ಹರಾಜು ಹಾಕಿದರು.

"ಕೆಲಸ ಚೆನ್ನಾಗಿ ಮಾಡಿದ್ರೂ ಮಾರಿಬಿಟ್ರಾ?" ಎಂದಳು ಮಗಳು. ಹೌದು ಎಂದೆ. ಸ್ವಲ್ಪ ಹೊತ್ತು ಕಿಟಕಿ ನೋಡುತ್ತ ಸುಮ್ಮನಿದ್ದಳು.

ಪ್ರದರ್ಶನದ ದೊಡ್ಡ ಶೆಡ್ಡಿನೊಳಗೆ ಮರದ ಪುಡಿಯ ಮೇಲೆ ದನಗಳ ಸಾಲು. ಹೈಸ್ಕೂಲಿನ ಹುಡುಗ ಹುಡುಗಿಯರು ತಮ್ಮ ದನಗಳಿಗೆ ಸ್ನಾನ ಮಾಡಿಸಿ, ಗಾಳಿ ಊದಿ ಕೂದಲು ಆರಿಸುತ್ತಿದ್ದರು. ಕಪ್ಪು ದನ, ಕೆಂಪು ದನ, ಬಿಳಿ ಮುಖದ ದನ. ಯಾವುದಕ್ಕೂ ಹಿಣಿಲಿಲ್ಲ. ಒಂದು ತಿರುವು ದಾಟಿದ್ದೇ ಮಗಳು ಕೂಗಿದಳು: "ಅಮ್ಮಾ, ಬಸವಣ್ಣ!"

ಬೂದು ಬಣ್ಣದ ಮೈ, ಭುಜದ ಮೇಲೆ ದೊಡ್ಡ ಹಿಣಿಲು, ಜೋತುಬಿದ್ದ ಕಿವಿ, ಮಡಿಕೆ ಮಡಿಕೆಯಾದ ಗಂಗೆದೊಗಲು. ನನಗೂ ಒಂದು ಕ್ಷಣ ಎದೆ ಝಲ್ಲೆಂದಿತು. ಹಿಣಿಲು ಕಂಡದ್ದೇ ನೊಗ ನೆನಪಾಯಿತು. ನಮ್ಮ ನೊಗ ಕೂರುವುದೇ ಹಿಣಿಲಿನ ಮುಂದೆ. ಇಲ್ಲಿಯ ಹಳೆಯ ಎತ್ತುಗಳಿಗೆ ಹಿಣಿಲಿಲ್ಲ. ಅದಕ್ಕೇ ಬಾಗಿಸಿದ ಮರದ ಬಳೆಯನ್ನು ಕುತ್ತಿಗೆಗೆ ತೊಡಿಸಿ ನೊಗಕ್ಕೆ ಸಿಕ್ಕಿಸುತ್ತಿದ್ದರು. ಪಕ್ಕದ ಫಲಕದ ಮೇಲೆ ತಳಿಯ ಹೆಸರಿತ್ತು: ಬ್ರಾಹ್ಮನ್.

ಹೆಸರು ನೋಡಿ ನಗಬೇಡಿ. ಅದರ ಹಿಂದೆ ನಮ್ಮ ನೆಲದ ಕತೆಯೇ ಇದೆ. ಶಾನೀ ಟ್ರೇಲ್‌ನಲ್ಲಿ ಹೋದ ಟೆಕ್ಸಸ್ ದನಗಳು ನೋಡಲು ಗಟ್ಟಿಮುಟ್ಟಾಗಿದ್ದವು. ಆದರೆ ಅವು ಹಾದುಹೋದ ಕಡೆ ಮಿಸೌರಿಯ ರೈತರ ದನಗಳು ಜ್ವರ ಬಂದು ಸಾಯುತ್ತಿದ್ದವು. ರೈತರು ಬಂದೂಕು ಹಿಡಿದು ದಾರಿಗೆ ಅಡ್ಡ ನಿಂತರು. 1855ರಲ್ಲಿ ಮಿಸೌರಿ ಕಾನೂನನ್ನೇ ಮಾಡಿತು. ಕಾರಣ ಏನೆಂದು ಆಗ ಯಾರಿಗೂ ತಿಳಿಯದು. 1893ರಲ್ಲಿ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ವಿಜ್ಞಾನಿಗಳು ಆ ಜ್ವರವನ್ನು ಹರಡುವುದು ಉಣ್ಣೆ ಎಂದು ತೋರಿಸಿದರು. ಕಡಿಯುವ ಕೀಟಗಳಿಂದ ರೋಗ ಹರಡುತ್ತದೆ ಎಂಬ ತಿಳಿವಳಿಕೆಯಲ್ಲಿ ಅದು ದೊಡ್ಡ ಮೈಲಿಗಲ್ಲು.

ಉಣ್ಣೆಗೆ, ಬಿಸಿಲಿಗೆ ಜಗ್ಗದ ದನ ಎಲ್ಲಿದೆ ಎಂದು ಹುಡುಕಿದವರ ಕಣ್ಣು ಭಾರತದ ಕಡೆ ಹೊರಳಿತು. ಅದಕ್ಕೂ ಮೊದಲೇ, 1854ರಲ್ಲಿ, ಲೂಸಿಯಾನಾದ ರಿಚರ್ಡ್ ಬ್ಯಾರೋ ಎಂಬ ಪ್ಲಾಂಟರ್‌ಗೆ ಬ್ರಿಟಿಷ್ ಸರ್ಕಾರ ಎರಡು ಭಾರತೀಯ ಹೋರಿಗಳನ್ನು ಉಡುಗೊರೆ ಕೊಟ್ಟಿತ್ತು. ಯಾಕೆ ಗೊತ್ತೇ? ಭಾರತಕ್ಕೆ ಹೊರಟಿದ್ದ ಬ್ರಿಟಿಷ್ ಪ್ರತಿನಿಧಿಗಳಿಗೆ ಅವನು ಹತ್ತಿ, ಕಬ್ಬಿನ ಬೇಸಾಯ ಕಲಿಸಿಕೊಟ್ಟದ್ದಕ್ಕೆ. ಮುಂದೆ 1906ರಲ್ಲಿ ಟೆಕ್ಸಸ್‌ನ ಪಿಯರ್ಸ್ ರಾಂಚ್ ಭಾರತದಿಂದ 30 ಹೋರಿ, 3 ಹಸುಗಳನ್ನು ತರಿಸಿತು. 1854ರಿಂದ 1926ರವರೆಗೆ ಬಂದವು ಒಟ್ಟು 266 ಹೋರಿ, 22 ಹಸು ಎಂದು ಲೆಕ್ಕ. ಅಷ್ಟರಿಂದಲೇ, ಇಲ್ಲಿಯ ಹಸುಗಳ ಜೊತೆ ಬೆರೆಸಿ ಈ ತಳಿ ಕಟ್ಟಿದರು. 1924ರಲ್ಲಿ ಹ್ಯೂಸ್ಟನ್‌ನಲ್ಲೇ ಸಂಘ ಶುರುವಾಯಿತು. ಅದರ ಮೊದಲ ಕಾರ್ಯದರ್ಶಿ ಸಾರ್ಟ್‌ವೆಲ್ ಎಂಬಾತ ಬ್ರಾಹ್ಮನ್ ಎಂದು ಹೆಸರಿಟ್ಟ.

ಮೂಲ ತಳಿಗಳು ಮುಖ್ಯವಾಗಿ ನಾಲ್ಕು. ಗುಜರಾತಿನ ಗಿರ್, ಅಲ್ಲಿಯದೇ ಗುಜೆರಾತ್, ಆಂಧ್ರದ ನೆಲ್ಲೂರು, ಅಂದರೆ ಓಂಗೋಲ್. ನಾಲ್ಕನೆಯದು ಕೃಷ್ಣಾ ವ್ಯಾಲಿ. ಪಾಲು ಸಣ್ಣದೇ ಇರಬಹುದು, ಆದರೂ ನಮ್ಮ ಕೃಷ್ಣಾ ತೀರದ ದನದ ರಕ್ತ ಟೆಕ್ಸಸ್‌ನಲ್ಲಿದೆ. ದಕ್ಷಿಣದ ಹಳ್ಳಿಕಾರ್, ಅಮೃತಮಹಲ್ ಎತ್ತುಗಳು ಚುರುಕಿನ ನಡಿಗೆಗೆ ಹೆಸರಾದವು. ಕೃಷ್ಣಾ ತೀರದ್ದು ನಿಧಾನದ, ಭಾರಿ ಮೈಯ ಎತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಸಾಂಗ್ಲಿ, ಮಿರಜ ಕಡೆಯ ಸಂಸ್ಥಾನಿಕರು ಎರೆಹೊಲದ ಉಳುಮೆಗೆಂದೇ ಗಿರ್, ಓಂಗೋಲ್, ಕಾಂಕ್ರೇಜ್ ಹೋರಿಗಳನ್ನು ಸ್ಥಳೀಯ ದನಗಳ ಜೊತೆ ಕೂಡಿಸಿ ಬೆಳೆಸಿದ ತಳಿ. ಅಪ್ಪ ಹೇಳಿದ "ಮೈ ಬೇಕು, ಹೆಗಲು ಬೇಕು" ಎಂಬ ಮಾತೇ ಅದರ ಹುಟ್ಟಿನ ಕಾರಣ. ಬಸ್ಯಾ, ಭೀಮ್ಯಾ ಶುದ್ಧ ಆ ತಳಿಯೋ ಅಲ್ಲವೋ, ಅಪ್ಪ ಮಾತ್ರ "ನಮ್ಮೂವು ಹೊಳಿಸಾಲಿನ ದನ" ಎನ್ನುತ್ತಿದ್ದರು.

ಹೋರಿಯ ಹಗ್ಗ ಹಿಡಿದಿದ್ದ ಹುಡುಗಿಯನ್ನು ಮಗಳು ಕೇಳಿದಳು, ಇದು ಏನು ಕೆಲಸ ಮಾಡುತ್ತದೆ ಎಂದು. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆಮೇಲೆ ನಕ್ಕು, ಕೆಲಸ ಏನೂ ಇಲ್ಲ, ಇವನನ್ನು ನೋಡಿಕೊಳ್ಳುವ ಕೆಲಸವೆಲ್ಲ ನನ್ನದೇ ಎಂದಳು. ಮಗಳು ನನ್ನ ಕಡೆ ತಿರುಗಿದಳು. "ಮತ್ಯಾಕೆ ಸಾಕ್ತಾರೆ ಅಮ್ಮಾ?"

ನಾನು ಸುಳ್ಳು ಹೇಳಿದೆ. "ಚಂದ ಇದೆಯಲ್ಲ, ಅದಕ್ಕೆ" ಎಂದೆ. ಆ ಸುಳ್ಳು ವಾಪಸು ಬರುವ ದಾರಿಯುದ್ದಕ್ಕೂ ಚುಚ್ಚಿತು. ಬ್ರಾಹ್ಮನ್ ತಳಿ ಇಲ್ಲಿ ಬೆಳೆದದ್ದು ಮಾಂಸಕ್ಕೆ. ಮಗಳ ಗೆಳತಿಯರ ಮನೆಯ ಊಟ ಏನೆಂದು ಅವಳಿಗೆ ಗೊತ್ತು, ಅದರಲ್ಲಿ ಅವಳಿಗೆ ಮುಜುಗರವಿಲ್ಲ, ಇರಬೇಕೆಂದು ನಾನೂ ಬಯಸುವುದಿಲ್ಲ. ಆದರೆ ಕಾರ ಹುಣ್ಣಿಮೆಗೆ ಕೊಂಬಿಗೆ ಬಣ್ಣ ಬಳಿದು, ಆರತಿ ಎತ್ತುವ ಅಜ್ಜನ ವಿಡಿಯೋ ನೋಡಿದ ಮಗುವಿಗೆ ಅದೇ ಹಿಣಿಲಿನ ದನ ಇಲ್ಲಿ ಏನಾಗುತ್ತದೆ ಎಂದು ಹೇಗೆ ಹೇಳುವುದು? ನಮ್ಮದು ಪೂಜೆ, ಇವರದು ಊಟ ಎಂದು ಎರಡು ಡಬ್ಬಿ ಮಾಡಿ ಕೊಡುವುದು ಸುಲಭ. ಆದರೆ ಅದು ನಿಜವೇ?

ರಾತ್ರಿ ಮಲಗುವ ಮುನ್ನ ಅವಳ ಪಕ್ಕ ಕೂತು ನಿಜ ಹೇಳಿದೆ. ಅವಳು ಅಳಲಿಲ್ಲ. "ಹಾಗಾದರೆ ಬಸ್ಯಾ, ಭೀಮ್ಯಾ ಮುದುಕ ಆದಮೇಲೆ ಅಜ್ಜ ಏನು ಮಾಡಿದ್ರು?" ಎಂದು ಕೇಳಿದಳು. ನನಗೆ ಗೊತ್ತಿದ್ದದ್ದು ಅರ್ಧ. 2003ರ ಬರಗಾಲ, ನಾನಾಗ ಎಂಟನೇ ತರಗತಿ. ಶಾಲೆಯಿಂದ ಬಂದಾಗ ಗೋದಲಿ ಖಾಲಿ ಇತ್ತು. ಅವ್ವ ಒಳಗೆ ಒಲೆಯ ಮುಂದೆ ಕೂತಿದ್ದಳು. ಸಂತೆಗೆ ಹೊಡೆದುಕೊಂಡು ಹೋದರು ಎಂದಷ್ಟೇ ಹೇಳಿದಳು. ಮುಂದೆ ಯಾರೂ ಆ ಮಾತು ಎತ್ತಲಿಲ್ಲ. ಒಂದೆರಡು ವರ್ಷಕ್ಕೆ ಬಾಡಿಗೆ ಟ್ರ್ಯಾಕ್ಟರ್ ಬಂತು.

ಮರುದಿನ ಫೋನಿನಲ್ಲಿ ಅವಳೇ ಕೇಳಿದಳು. "ಅಜ್ಜಾ, ನೀವು ಬಸ್ಯಾ, ಭೀಮ್ಯಾನ ಯಾರಿಗೆ ಮಾರಿದ್ರಿ?" ನಾನು ಫೋನು ಕಸಿದುಕೊಳ್ಳುವವಳಿದ್ದೆ. ಪರದೆಯ ಮೇಲೆ ಅಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟರು.

"ಒಬ್ಬಾವ ಬಂದಿದ್ದ ಕೂಸ. ಗುರ್ತಿನಾವಲ್ಲ. ರೊಕ್ಕ ಕೊಟ್ಟ, ಹಗ್ಗ ಇಸ್ಕೊಂಡ."

"ಹೊಲಕ್ಕೆ ಕರ್ಕೊಂಡು ಹೋದನಾ?"

"ನಾ ಕೇಳಲಿಲ್ಲವಾ. ಕೇಳಿದ್ರ ಗೊತ್ತಾಗ್ತಿತ್ತು, ಅದಕ್ಕ ಕೇಳಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು ಮುಂದುವರಿಸಿದರು. "ಮೇವು ಇರಲಿಲ್ಲ. ಕಟ್ಟಿ ಹಾಕಿ ಉಪವಾಸ ಕೆಡವೂದಾ? ಹನ್ನೊಂದು ವರ್ಸ ನಮ್ಮ ಹೊಲಾ ಉತ್ತಾವು, ಕಬ್ಬಿನ ಬಂಡಿ ಎಳದಾವು. ಮೂಗುದಾಣ ಹಾಕಿಸ್ಕೊಂಡಾವು, ಬಾರಕೋಲಿನ ಏಟೂ ತಿಂದಾವು. ನಿಮ್ಮವ್ವನ ಸಾಲಿ ಫೀ ಅವ ಕಟ್ಯಾವ."

ನಿಮ್ಮವ್ವ ಎಂದರೆ ನಾನು. ನಾನು ಓದಿ, ಡಾಕ್ಟರೇಟ್ ಮಾಡಿ, ಈ ಕಪ್ಪು ಮಣ್ಣಿನ ಮೇಲೆ ಮನೆ ಕೊಂಡು ಕೂತಿರುವುದರಲ್ಲಿ ಆ ಎರಡು ಹೆಗಲುಗಳ ಪಾಲು ಎಷ್ಟೆಂದು ನಾನು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ಅಪ್ಪ ಹಾಕಿದ್ದರು. ಹೇಳಿರಲಿಲ್ಲ, ಅಷ್ಟೇ. ಇಪ್ಪತ್ತು ವರ್ಷ ನಾನು ಕೇಳದೆ ಬಿಟ್ಟದ್ದನ್ನು ಎಂಟು ವರ್ಷದವಳು ಕೇಳಿದಳು.

ನಮ್ಮ ಕಡೆ ಈಗ ಕೃಷ್ಣಾ ತೀರದ ಎತ್ತುಗಳು ತೀರಾ ಕಡಿಮೆ. ಇರುವವುಗಳಲ್ಲಿ ಕೆಲವು ತೆರಬಂಡಿ ಸ್ಪರ್ಧೆಗೆ ಸಾಕಿದಂಥವು. ಎಳೆಯುವ ಕೆಲಸ ಆಟವಾಗಿ ಉಳಿದಿದೆ. ಟೆಕ್ಸಸ್‌ನಲ್ಲೂ ಅಷ್ಟೇ. ಎತ್ತಿಗೆ ರಸ್ತೆಯ ಮೇಲೆ ಕೆಲಸವಿಲ್ಲ. ಕೆಲಸ ಹೋದ ಮೇಲೆ ಪ್ರಾಣಿಗೆ ಏನಾಯಿತು ಎಂಬ ವಿಷಯದಲ್ಲಿ ಎರಡೂ ಊರಿನವರು ಹೆಚ್ಚು ಮಾತಾಡುವುದಿಲ್ಲ. ನಾನು ಮಗಳಿಗೆ ಕೊಡಬೇಕೆಂದಿದ್ದ ಎರಡು ಡಬ್ಬಿಗಳು ಅಲ್ಲಿಗೆ ಒಂದಾದವು.

ಜೂನ್ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಇಲ್ಲಿಗೆ ಬಂದ ಮೇಲೆ ನಾವು ಅದನ್ನು ಆಚರಿಸಿದ್ದೇ ಇಲ್ಲ. ಈ ಸಲ ಹಿತ್ತಲಲ್ಲಿ ಒಂದಡಿ ಅಗೆದೆವು. ಕಪ್ಪು ಮಣ್ಣು ಮುದ್ದೆಯಾಗಿ ಬಂತು. ನೀವೂ ಮಾಡುವುದಾದರೆ ಒಂದು ಮಾತು: ಈ ಮಣ್ಣು ಒಣಗುವಾಗ ತುಂಬ ಕುಗ್ಗುತ್ತದೆ, ಬಿಸಿಲಿಗಿಟ್ಟರೆ ಒಂದೇ ದಿನಕ್ಕೆ ಕಾಲು ಮುರಿಯುತ್ತದೆ. ನಮ್ಮ ಮೊದಲ ಜೋಡಿ ಹಾಗೇ ಹೋಯಿತು. ಸಣ್ಣಗೆ ಕತ್ತರಿಸಿದ ಒಣಹುಲ್ಲು, ಒಂದು ಹಿಡಿ ಮರಳು ಬೆರೆಸಿ ಚೆನ್ನಾಗಿ ನಾದಿ, ಗ್ಯಾರೇಜಿನ ನೆರಳಲ್ಲಿ ಎರಡು ಮೂರು ದಿನ ಇಡಿ. ಕಾಲು ದಪ್ಪ ಇರಲಿ, ಹಿಣಿಲು ಮರೆಯಬೇಡಿ. ಕಣ್ಣಿಗೆ ಜೋಳದ ಕಾಳು. ಎದುರಿಗೊಂದು ಪುಟ್ಟ ಗೋದಲಿ.

ನಾನು ಹೂರಣ ಕಡುಬು ಮಾಡಿ ನೈವೇದ್ಯ ತರುವಷ್ಟರಲ್ಲಿ ಮಗಳು ಬೆಂಕಿಪೊಟ್ಟಣ, ಬಾಟಲಿ ಮುಚ್ಚಳ ಜೋಡಿಸಿ ಒಂದು ಚಕ್ಕಡಿ ಮಾಡಿ ಎತ್ತುಗಳ ಹಿಂದಿಟ್ಟಿದ್ದಳು. ಹಬ್ಬಕ್ಕೆ ಚಕ್ಕಡಿ ಬೇಡ, ಇವತ್ತು ಎತ್ತಿಗೆ ರಜೆ ಎಂದೆ.

"ಇರಲಿ ಅಮ್ಮಾ. ಕೆಲಸ ಇದ್ರೆ ಯಾರೂ ಮಾರಲ್ಲ" ಎಂದಳು.

ಊರಿನಲ್ಲಾದರೆ ಹಬ್ಬ ಮುಗಿದ ಮೇಲೆ ಮಣ್ಣೆತ್ತುಗಳನ್ನು ನೀರಿಗೆ ಬಿಡುತ್ತಿದ್ದೆವು. ಈ ಸಲ ಅವಳು ಬಿಡಲಿಲ್ಲ. ಚಕ್ಕಡಿ ಸಮೇತ ಅವಳ ಪುಸ್ತಕದ ಕಪಾಟಿನ ಮೇಲಿವೆ. ಅಪ್ಪ ಫೋನು ಮಾಡಿದಾಗಲೆಲ್ಲ ಮೊದಲು ಅವನ್ನು ತೋರಿಸಬೇಕು. "ಎಡದಾವಗ ಹಿಣಿಲ ಸಣ್ಣದಾತು, ನೊಗ ಜಾರತೈತಿ ನೋಡು" ಎಂದು ಅವರು ತಪ್ಪು ಹುಡುಕುತ್ತಾರೆ. ಅವಳು ಹೋಗಿ ಮತ್ತೆ ಮಣ್ಣು ಹಚ್ಚುತ್ತಾಳೆ.